ಕುಂಕುಮವಿದ್ದ ಕಡೆ ಪ್ಲಸ್ಸು

ಕಣ್ಣಿನ ಆಪರೇಷನ್ನಿಗೆ ಅವ್ವ ಒಪ್ಪಲು ಎರಡು ವರ್ಷ ಹಿಡಿಯಿತು. ಒಪ್ಪಿದಾಗಲೂ ಷರತ್ತು ಹಾಕಿದಳು: "ನಿನ್ ಕಾರಲ್ಲಾದ್ರೆ ಬತ್ತೀನಿ. ಬಸ್ಸಲ್ಲಿ ಮಾತ್ರ ಬರಾಕಿಲ್ಲ." ಟಿ. ನರಸೀಪುರದ ಡಾಕ್ಟರು ಬೆಳಿಗ್ಗೆ ಹತ್ತಕ್ಕೆ ಬರಹೇಳಿದ್ದರು. ಆ ದಿನ ತಪ್ಪಿದರೆ ಅವಳು ಮತ್ತೆ ಒಪ್ಪುವವಳಲ್ಲ. ಅದೇ ಚಿಂತೆಯಲ್ಲಿ ಒಂದು ವಾರ ನಾನು ಸರಿಯಾಗಿ ಮಲಗಿರಲಿಲ್ಲ.

ತೊಂಬತ್ತರ ದಶಕದ ಕೊನೆ. ಕವಲಂದೆಯ ವರ್ತಕರೊಬ್ಬರಿಂದ ನಾನು ಕೊಂಡ ಅಂಬಾಸಿಡರ್ ಆಗಲೇ ಮುದಿಯಾಗಿತ್ತು. ಮುಪ್ಪಿನ ದಾರಿಯಲ್ಲಿ ನಾನೂ ಅದರ ಹಿಂದೆಯೇ ಹೊರಟಿದ್ದೆ. ಬ್ಯಾಟರಿಗೆ ವಯರು ಕಚ್ಚಿಸುವ ಟರ್ಮಿನಲ್ಲುಗಳು ವಿಭೂತಿ ಬಳಿದ ಹಾಗೆ ಬಿಳಿ ಪುಡಿ ಹತ್ತಿ ಸವೆದಿದ್ದವು. ದಾರಿಯಲ್ಲಿ ಕೈಕೊಟ್ಟರೆ ಗತಿಯೇನೆಂದು ಹಿಂದಿನ ದಿನ ನಂಜನಗೂಡಿನ ಪೇಟೆಯಿಂದ ಹೊಸ ಜೋಡಿ ತಂದೆ. ಅಂಗಡಿಯವನು ನನ್ನ ಮುಖ ನೋಡಿಯೇ ಹೇಳಿದ: "ಸಾ, ದಪ್ಪಗಿರೋದು ಪ್ಲಸ್ಸು, ಸಣ್ಣಕಿರೋದು ಮೈನಸ್ಸು, ಬ್ಯಾಟ್ರಿ ಗೂಟಾನೂ ಅಂಗೇ ಇರ್ತವೆ. ಅದ್ಲುಬದ್ಲು ಮಾಡ್ಬುಟ್ಟೀರಿ. ಮೆಕ್ಯಾನಿಕ್ ಕಳಿಸ್ಲಾ?"

"ಇಷ್ಟೂ ಬರಲ್ವೇನಪ್ಪ ನಂಗೆ?" ಎಂದೆ.

ನನ್ನ ಧೈರ್ಯಕ್ಕೆ ಕಾರಣವಿತ್ತು. ಆಯುಧಪೂಜೆಗೆ ಕಾರಿಗೆ ಕುಂಕುಮವಿಡುವುದು ಅವ್ವನ ಕೆಲಸ. ಆ ವರ್ಷ "ಬ್ಯಾಟ್ರಿಗೂ ಇಡವ್ವ, ಪ್ಲಸ್ ಗುರ್ತಿರೋ ಕಡೆ ಮಾತ್ರ" ಎಂದು ನಾನೇ ಹೇಳಿದ್ದೆ. ಗುರುತು ಮಸಿಯಲ್ಲಿ ಮುಚ್ಚಿಹೋದರೂ ಎಣ್ಣೆಯಲ್ಲಿ ಕಲಸಿದ ಕುಂಕುಮ ಉಳಿಯುತ್ತದೆಂಬ ದೂರಾಲೋಚನೆ.

ಬೆಳಿಗ್ಗೆ ಏಳಕ್ಕೆ ಬ್ಯಾಟರಿ ಕೆಳಗಿಳಿಸಿ, ಕುಂಕುಮಕ್ಕೆ ತಾಗದಂತೆ ಬಿಸಿನೀರಿನಲ್ಲಿ ತೊಳೆದು, ಮತ್ತೆ ಕೂರಿಸಿದೆ. ವಯರುಗಳಿಗೆ ಹೊಸ ಟರ್ಮಿನಲ್ ಬಿಗಿದೆ. ಕುಂಕುಮದ ಕಡೆಗೆ ಪ್ಲಸ್ಸಿನದು ಸಡಿಲವಾಯಿತು. ತಗಡಿನ ಚೂರು ಸಿಕ್ಕಿಸಿದೆ. ಇನ್ನೊಂದು ಕಡೆ ಮೈನಸ್ಸಿನದು ಇಳಿಯಲೇ ಇಲ್ಲ. ಹೊಸ ಮಾಲು ಹೀಗೇ ಇರಬೇಕೆಂದು ಸುತ್ತಿಗೆಯಿಂದ ಎರಡೇಟು ಹಾಕಿದೆ. ಇಲ್ಲದ್ದಕ್ಕೆಲ್ಲ ಹೆದರುವ ನನಗೆ ಆಗ ಒಂದಿಷ್ಟೂ ಹೆದರಿಕೆಯಾಗಲಿಲ್ಲ.

ಫಟ್ಟೆಂದು ಕಿಡಿ ಹಾರಿತು. ಸುಟ್ಟ ವಯರಿನ ಹೊಗೆ ಎದ್ದಿತು. ಟರ್ಮಿನಲ್ ಕಿತ್ತುಹಾಕಿ, ಬಟ್ಟೆಯಿಂದ ಉಜ್ಜಿ ನೋಡಿದರೆ ಕುಂಕುಮದ ಕೆಳಗಿದ್ದದ್ದು ಮೈನಸ್ ಗುರುತು.

ಒಗೆದ ಸೀರೆಯುಟ್ಟು ಜಗುಲಿಯ ಮೇಲೆ ಕೂತಿದ್ದ ಅವ್ವ, "ಏನ್ಲಾ ಅದು ವಾಸ್ನೆ?" ಎಂದಳು.

"ವೈರಿಂಗ್ ಸುಟ್ಟೋಯ್ತು ಕಣವ್ವ. ಉಲ್ಟಾ ಕೊಟ್ಬುಟ್ಟೆ."

"ಕುಂಕ್ಮ ಇಟ್ಟಿದ್ನಲ್ಲ, ನೋಡ್ಕಂಡು ಮಾಡಕಾಗ್ನಿಲ್ವಾ?"

ಸುಳ್ಳು ಹೇಳುವಷ್ಟೂ ತ್ರಾಣ ನನ್ನಲ್ಲಿರಲಿಲ್ಲ. "ನೋಡ್ಕಂಡೇ ಮಾಡ್ದೆ. ನೀನು ಮೈನಸ್ಗೆ ಇಟ್ಟಿದ್ದೆ."

ಅವಳು ಜಗುಲಿಯ ಅಂಚಿಗೆ ಸರಿದಳು. ಇನ್ನು ಎದ್ದು ಒಳಗೆ ಹೋಗಿ ಮಲಗುತ್ತಾಳೆ, ಅಲ್ಲಿಗೆ ಎಲ್ಲ ಮುಗಿಯಿತು ಎಂದುಕೊಂಡೆ.

"ಎರಡೂ ಒಂದೇ ತರ ಕಾಣ್ತಿದ್ವು ಕಣ್ಲಾ" ಎಂದಳು. ಆಮೇಲೆ ತಡವಿ ಚೀಲ ಎತ್ತಿಕೊಂಡಳು. "ನರಸೀಪುರದ ಬಸ್ಸು ಎಷ್ಟೊತ್ಗೆ?"

ಬಸ್ಸು ಹೊರಟ ಸ್ವಲ್ಪ ಹೊತ್ತಿಗೇ ಅವ್ವ ನಿದ್ದೆ ಹೋದಳು. ಬಾನೆಟ್ ಮುಚ್ಚಿದೆನೋ ಇಲ್ಲವೋ ನೆನಪಾಗದೆ ನಾನು ನರಸೀಪುರದವರೆಗೂ ಎಚ್ಚರವಾಗಿದ್ದೆ.