ಹಣೆ ಹಚ್ಚಬಹುದು, ಬೆರಳು ಹಚ್ಚಬಾರದು

ಬೈಲಹೊಂಗಲದಿಂದ ನಾವು ಹೊರಟಾಗ ಬೆಳಗಿನ ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಆಧಾರ್ ಕಾರ್ಡು ನೋಡಿ ಕಂಡಕ್ಟರ್ ಇಬ್ಬರಿಗೂ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟ. ಸೀಟು ಮಾತ್ರ ಯಾರೂ ಕೊಡಲಿಲ್ಲ. ಕಣ್ಣು ಕಾಣದ ಹೆಂಗಸು ಎದುರಿಗೆ ನಿಂತಿದ್ದರೂ ನಿದ್ದೆ ಬಂದವನಂತೆ ಕಣ್ಣು ಮುಚ್ಚಿ ಕೂತ ಗೃಹಸ್ಥನೊಬ್ಬನನ್ನು ನಾನೇ ಗದರಿಸಿ ಎಬ್ಬಿಸಿ ಸುಜಾತಾಳನ್ನು ಕೂರಿಸಿದೆ.

ಸುಜಾತಾ ಮತ್ತು ನಾನು ಟೆಲಿಫೋನ್ ಕಚೇರಿಯಲ್ಲಿ ಅಕ್ಕಪಕ್ಕ ಕೂತು ಕೆಲಸ ಮಾಡಿ ನಿವೃತ್ತರಾದವರು. ಸಕ್ಕರೆ ಕಾಯಿಲೆ ಅವಳ ಕಣ್ಣು ಕಿತ್ತುಕೊಂಡು ಕೆಲವು ವರ್ಷಗಳಾದವು. ಈಗ ಅದು ಬೆರಳಿಗೆ ಬಂದಿದೆ. ಎಡಗೈ ಬೆರಳುಗಳು ಮರಗಟ್ಟಿವೆ, ಬಲಗೈಯಲ್ಲಿ ಇನ್ನೂ ಸ್ವಲ್ಪ ಜೀವವಿದೆ. ಹೋದದ್ದು ಮರಳಿ ಬರುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದಾರೆ. ಬಲಗೈಯೂ ಹೋಗುವುದರೊಳಗೆ ಅವಳಿಗೆ ಒಂದು ವಸ್ತುವನ್ನು ಮುಟ್ಟಿ ನೋಡಬೇಕಿತ್ತು.

ಅವಳ ಅಪ್ಪ ಮೆಟ್ಟು ಹೊಲಿಯುತ್ತಿದ್ದರು. ಅವರದೊಂದು ಫೋಟೋ ಇಲ್ಲ, ಉಳಿ, ದಾರ ಯಾವುದೂ ಮನೆಯಲ್ಲಿ ಉಳಿದಿಲ್ಲ. ಮಠವೊಂದರ ಅಜ್ಜಾರಿಗೆ, ಅಂದರೆ ಅಲ್ಲಿಯ ಸ್ವಾಮಿಗಳಿಗೆ, ಅವರು ಹೊಲಿದುಕೊಟ್ಟ ಮೆಟ್ಟಿನ ಜೋಡು ಮಾತ್ರ ಯರಗಟ್ಟಿಯಾಚೆ ರಾಮದುರ್ಗದ ಹಾದಿಯ ಹಳ್ಳಿಯೊಂದರಲ್ಲಿ, ಊರಿನವರು ನಡೆಸುವ ವಸ್ತುಸಂಗ್ರಹಾಲಯದಲ್ಲಿದೆ. ಅಂಧರು, ಅಂಗವಿಕಲರು, ಮಕ್ಕಳು, ಮುದುಕರು ಎಲ್ಲರೂ ಖುಷಿಯಿಂದ ನೋಡುವಂತೆ ಅದನ್ನು ಹೊಸದಾಗಿ ಸಜ್ಜುಗೊಳಿಸಲಾಗಿದೆ ಎಂಬ ಸುದ್ದಿಯನ್ನು ನಾನೇ ಪೇಪರಿನಲ್ಲಿ ಓದಿ ಹೇಳಿದ್ದೆ. "ಹಂಗಾರ ಹೋಗೂಣು ನಡಿ, ಕೈ ಪೂರಾ ಹೋಗೂಕಿಂತ ಮದ್ಲ," ಎಂದಿದ್ದಳು.

ಯರಗಟ್ಟಿಯಲ್ಲಿ ಬಸ್ಸು ಬದಲಿಸಬೇಕಿತ್ತು. ನಾನು ಗಿರ್ಮಿಟ್ ತಿಂದೆ, ಅವಳು ಸಕ್ಕರೆಯಿಲ್ಲದ ಚಹಾ ಕುಡಿದಳು. ಹಿಂದೆ ಕಿತ್ತೂರಿಗೆ ಹೋದಾಗ ಕೋಟೆಯ ಗೋಡೆಯನ್ನು ಅಂಗೈಯಿಂದ ಸವರುತ್ತ ಎಷ್ಟು ದೂರ ನಡೆದಿದ್ದಳೆಂದು ನೆನೆದು ಇಬ್ಬರೂ ನಕ್ಕೆವು. ಅಲ್ಲಿ ಯಾರೂ ಬೇಡ ಎಂದಿರಲಿಲ್ಲ. ಇಲ್ಲಿಯೂ ಹಾಗೇ ಇರುತ್ತದೆಂದು ನಂಬಿದ್ದು ನಮ್ಮ ಮಬ್ಬುತನ.

ಮಧ್ಯಾಹ್ನದ ಹೊತ್ತಿಗೆ ಊರು ತಲುಪಿದೆವು. ಬಾಗಿಲಲ್ಲಿ ಹೊಸ ಇಳಿಜಾರು ಕಟ್ಟಿದ್ದರು, ಅದರ ಮೇಲೆ ಯಾರದೋ ಮೋಟಾರ್ ಸೈಕಲ್ ನಿಂತಿತ್ತು. ನಾವು ಮೆಟ್ಟಿಲು ಹತ್ತಿ ಒಳಗೆ ಹೋದೆವು. ಅಂಧರಿಗೆಂದು ಬರೆಸಿದ ಬ್ರೈಲ್ ಫಲಕ ಗೋಡೆಯ ಮೇಲಿತ್ತು. ಕೈ ತಾಗಿ ಮಾಸಬಾರದೆಂದು ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿದ್ದರು. ಸುಜಾತಾ ಗಾಜನ್ನು ಮೇಲಿನಿಂದ ಕೆಳಗಿನವರೆಗೆ ಸವರಿದಳು.

"ಭಾಳ ನುಣ್ಣಗ ಬರದಾರ," ಎಂದಳು. "ನನಗೇನೋ ಓದಾಕ ಬರೂದಿಲ್ಲ. ಕಲತಾಕಿ ಯಾವಾಕಿಯರ ಬಂದ್ರ ಏನ್ ಓದ್ಬೇಕವಾ?"

ಅಜ್ಜಾರ ಮೆಟ್ಟು ನಡುವಿನ ಕೋಣೆಯಲ್ಲಿತ್ತು. ಅದಕ್ಕೆ ಗಾಜಿರಲಿಲ್ಲ. ಕೆಂಪು ಮಖಮಲ್ಲಿನ ಪೀಠದ ಮೇಲಿಟ್ಟು ಕುಂಕುಮ, ವಿಭೂತಿ, ಸೇವಂತಿಗೆ ಹೂವು ಏರಿಸಿ, ಮುಂದೆ ಕರ್ಪೂರ ಹಚ್ಚಿದ್ದರು. ನಮ್ಮ ಮುಂದೆಯೇ ಒಂದು ಕುಟುಂಬದವರು ಸರದಿಯಂತೆ ಬಗ್ಗಿ ಹಣೆ ಹಚ್ಚಿದರು, ಎರಡೂ ಕೈಯಿಂದ ಮೆಟ್ಟು ಮುಟ್ಟಿ ಕಣ್ಣಿಗೊತ್ತಿಕೊಂಡರು. ಕಾವಲುಗಾರ ಅವರಿಗೆ ಪ್ರಸಾದವೆಂದು ಅಂಗಾರದ ಬೂದಿ ಕೊಟ್ಟ. ನಾನು ಸುಜಾತಾಳ ಬಲಗೈಯನ್ನು ಪೀಠದತ್ತ ಒಯ್ದೆ.

"ಮುಟ್ಟಬ್ಯಾಡ್ರಿ ಅಕ್ಕಾರ," ಎಂದ ಅವನು. ಅಲ್ಲಿದ್ದ ಮೇಜೊಂದನ್ನು ತೋರಿಸಿದ. "ಕಣ್ಣ ಕಾಣದವರಿಗೆ ಅಲ್ಲಿ ಪ್ಲಾಸ್ಟಿಕ್ಕಿನ ಮೆಟ್ಟು ಮಾಡಿಸಿ ಇಟ್ಟಾರ. ಅವನ್ನ ಎಷ್ಟ್ ಬೇಕಾರ ತಡವ್ರಿ."

"ಈಗ ಅವರೆಲ್ಲ ಮುಟ್ಟಿದ್ರಲ್ರಿ?" ಎಂದೆ.

"ಅವ್ರು ನಮಸ್ಕಾರ ಮಾಡಿದ್ರು. ನೀವೂ ನಮಸ್ಕಾರ ಮಾಡೂದಾದ್ರ ಹಣಿ ಹಚ್ರಿ. ಸುಮ್ನ ತಡವಾಕ ಪರವಾನಿಗಿ ಇಲ್ಲ."

ಸುಜಾತಾ ಶಾಂತವಾಗಿಯೇ ಹೇಳಿದಳು: "ನಾವು ಬೌದ್ಧರ್ರಿ. ನಾ ಮೆಟ್ಟಿಗೆ ಅಡ್ಡ ಬೀಳಂಗಿಲ್ಲ. ಇವನ್ನ ಹೊಲದಾವ ನಮ್ಮಪ್ಪ. ಹೊಲಿಗಿ ಒಂದೀಟು ಮುಟ್ಟಿ ನೋಡ್ತೇನಿ, ಅಷ್ಟ."

"ಹಂಗ ಅನಬ್ಯಾಡ್ರಿ. ಅಜ್ಜಾರ ಪಾದ ಮುಟ್ಟಿದ್ದು ಅವು."

"ಅದಕ್ಕಿಂತ ಮದ್ಲ ನಮ್ಮಪ್ಪನ ಕೈ ಮುಟ್ಟಿತ್ರಿ."

ಅವನು ಕೆಟ್ಟವನಲ್ಲ. ಬೆವರು ಒರೆಸಿಕೊಂಡು ಹೊರಗೆ ಹೋಗಿ ಯಾರಿಗೋ ಫೋನು ಮಾಡಿದ, ಬಂದು ಮತ್ತೆ ಅದನ್ನೇ ಹೇಳಿದ. ನನಗೆ ಮೈಯೆಲ್ಲ ಉರಿಯಿತು. ಆದರೂ ಅವಳ ಕಿವಿಯಲ್ಲಿ, "ಸುಮ್ನ ಬಗ್ಗಿದಂಗ ಮಾಡ ಮಾರಾಯ್ತಿ. ಯಾರಿಗ್ ಗೊತ್ತಾಗತೈತಿ?" ಎಂದೆ.

"ನನಗ ಗೊತ್ತಾಗತೈತಿ," ಎಂದಳು. ಆಮೇಲೆ ದನಿ ತಗ್ಗಿಸಿದಳು. "ಇವನ್ನ ಒಯ್ಯಾಕ ಮಠದವರು ಬಂದ ದಿನ ನಾ ಅಲ್ಲೇ ಇದ್ದೆ ಶಾಂತಾ. ಅಪ್ಪ ನೆಲದ ಮ್ಯಾಲೆ ಇಟ್ಟು ದೂರ ಸರದು ನಿಂತ. ಅವರು ನೀರ ಸುರುವಿ ತೊಳದು ಎತ್ತಿಕೊಂಡ್ರು. ತಾ ಹೊಲದ ಮೆಟ್ಟಿಗೆ ತಾನ ಅಡ್ಡಬಿದ್ದ ನಮ್ಮಪ್ಪ. ನಾ ಬೀಳಂಗಿಲ್ಲ."

ನನ್ನ ಹಣೆಯ ಮೇಲೆ ವಿಭೂತಿ ಇತ್ತು. ನಾನು ಬಗ್ಗಿದರೆ ಯಾರೂ ಕೇಳುತ್ತಿರಲಿಲ್ಲ. ಅವಳ ಬದಲಿಗೆ ನಾನಾದರೂ ನೋಡಿ ಹೇಳುತ್ತೇನೆ ಎಂದುಕೊಂಡು ಬಗ್ಗಿದೆ, ಹಣೆ ಹಚ್ಚಿದೆ, ಹೂವಿನ ಕೆಳಗೆ ಬೆರಳು ತೂರಿಸಿ ಅಂಚನ್ನು ಸವರಿದೆ. ಕಾವಲುಗಾರ ನನ್ನ ಕೈಗೂ ಅಂಗಾರ ಕೊಟ್ಟ. ಸುಜಾತಾ ಗೋಡೆಗೆ ಒರಗಿ ನಿಂತಿದ್ದಳು.

ಹೊರಗೆ ಬೇವಿನ ಮರದ ಕೆಳಗೆ ಬುತ್ತಿ ಬಿಚ್ಚಿದೆವು. ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಅವಳು ರೊಟ್ಟಿ ಮುರಿಯದೆ ಕೂತಿದ್ದಳು.

"ಹೊಲಿಗಿ ಹೆಂಗಿತ್ತು?"

"ಚಲೋ ಇತ್ತು."

"ಹಿಮ್ಮಡದ ಕಡೆ ದಾರ ಒಳಗ ತಿರುಗಿತ್ತೇನು? ಅಪ್ಪ ಹಂಗ ತಿರುಗಿಸ್ತಿದ್ದ, ಕಾಲಿಗೆ ಒತ್ತಬಾರದಂತ."

ನನಗೆ ನೆನಪಾಗಲಿಲ್ಲ. ನೆನಪಾಗಲು ನಾನು ನೋಡಿದ್ದರಲ್ಲವೇ? ಬೆರಳಿಗೆ ಹತ್ತಿದ್ದು ಎಣ್ಣೆ, ಕುಂಕುಮ, ಬಾಡಿದ ಎಸಳು. "ಗೊತ್ತಾಗಲಿಲ್ಲ ಸುಜಾತಾ," ಎಂದೆ.

"ಮುಟ್ಟಿದ್ಯಲ್ಲ?"

"ಮುಟ್ಟಿದ್ದೆ."

ಅವಳು ನನ್ನ ಕೈಯನ್ನು ಎಳೆದುಕೊಂಡು ಮೂಸಿ ನೋಡಿದಳು. "ಕರ್ಪೂರ," ಎಂದು ಬಿಟ್ಟುಬಿಟ್ಟಳು. ಅಷ್ಟು ನಾಚಿಕೆ ನನಗೆ ಈ ವಯಸ್ಸಿನಲ್ಲಿ ಎಂದೂ ಆಗಿರಲಿಲ್ಲ. ಆ ಊರಿನ ಮೇಲೆ, ಗಾಜಿನ ಚೌಕಟ್ಟು ಹಾಕಿಸಿದ ಪುಣ್ಯಾತ್ಮರ ಮೇಲೆ, ನನ್ನ ಮೇಲೆ, ಎಲ್ಲದರ ಮೇಲೂ ಸಿಟ್ಟು ಬಂತು.

ರಾಮದುರ್ಗದ ಕಡೆಯಿಂದ ಯರಗಟ್ಟಿಗೆ ಹೋಗುವ ಬಸ್ಸು ತಡವಾಗಿ ಬಂತು. ಅದೃಷ್ಟಕ್ಕೆ ಖಾಲಿಯಿತ್ತು. ಕಿಟಕಿಯ ಪಕ್ಕ ಅವಳನ್ನು ಕೂರಿಸಿದೆ. ಬಸ್ಸು ವಸ್ತುಸಂಗ್ರಹಾಲಯದ ಮುಂದೆ ಹಾದಾಗ ನಾನು ಹಿಂತಿರುಗಿ ನೋಡಿದೆ. ಕಾವಲುಗಾರ ಬಾಗಿಲು ಹಾಕುತ್ತಿದ್ದ.

"ದಾಟಿತೇನು?" ಎಂದು ಕೇಳಿದಳು.

"ದಾಟಿತು. ಮುಂದಿನ ಸಲ ಇದನ್ನ ನಡಸವ್ರನ್ನ ಕಂಡು, ಪರವಾನಿಗಿ ತಗೊಂಡ ಬರೂಣು."

"ಆರ ತಿಂಗಳ ಬಿಟ್ಟು ಬರೂಣು ತಗೋ," ಎಂದಳು ಸುಜಾತಾ, ಬಲಗೈ ಬೆರಳುಗಳನ್ನು ಒಂದೊಂದಾಗಿ ಒತ್ತಿಕೊಳ್ಳುತ್ತ. "ಆವಾಗ ಅವರಾಗೇ ಮುಟ್ಟು ಅಂದ್ರೂ ನನಗ ತಿಳಿಯೂದಿಲ್ಲ. ಜಗಳನ ಇರೂದಿಲ್ಲ."