ಸಾಲಿನ ಮೊದಲ ಮುಖ

ನೋಯುವುದೇ ಇಲ್ಲ ಎಂದು ಮಕ್ಕಳಿಗೆ ಸುಳ್ಳು ಹೇಳುವುದು ಅನ್ಯಾಯ. ಇವತ್ತು ತೋಡಾರಿನ ಅಂಗನವಾಡಿಗೆ ಪಕ್ಕದ ಮನೆಯ ಮಗುವನ್ನು ಲಸಿಕೆಗೆ ಕರೆದುಕೊಂಡು ಹೋದಾಗ ಆ ಸುಳ್ಳೂ ಕೇಳಿಸಿತು, ಸ್ಪಿರಿಟ್ಟಿನ ವಾಸನೆಯೂ ಬಂತು. ಆ ವಾಸನೆಗೆ ಮನಸ್ಸು ನಾನು ಚಿಕ್ಕಂದಿನಲ್ಲಿ ಓದಿದ ಬೆಳುವಾಯಿಯ ಶಾಲೆಗೆ ಹೋಗಿಬಿಟ್ಟಿತು.

ಅವತ್ತು ಸಿಡುಬಿನ ದಾಕು, ಅಂದರೆ ಆಗಿನ ಲಸಿಕೆ, ಹಾಕುವವರು ಬಂದಿದ್ದರು. ಹಿಂದಿನ ಸಲ ಅರ್ಧ ಶಾಲೆ ಕಿಟಕಿ ಹಾರಿ ಓಡಿತ್ತು. ಈಗ ಪಕ್ಕದ ಊರಿನಲ್ಲಿ ಸಿಡುಬು ಕಾಣಿಸಿಕೊಂಡಿತ್ತು, ಒಬ್ಬರೂ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ.

ಮಾಸ್ಟ್ರು ಕನ್ನಡಕವನ್ನು ಪಂಚೆಯಲ್ಲಿ ಒರೆಸುತ್ತ ನನ್ನನ್ನು ಎಲ್ಲರಿಗಿಂತ ಮುಂದೆ ನಿಲ್ಲಿಸಿದರು. "ನೀನು ನಗ್ತಾ ಇರು ಮಾರಾಯ್ತಿ. ನಿನ್ನ ಮುಖ ನೋಡಿ ಉಳಿದವರು ಕೈ ಕೊಡ್ತಾರೆ."

ನಾನೋ, ಸಂತೆಯಲ್ಲಿ ಹಂಚಿದ ‘ಸತ್ಯವೇ ದೇವರು’ ಎಂಬ ಕರಪತ್ರಗಳನ್ನೆಲ್ಲ ಬಾಯಿಪಾಠ ಮಾಡಿ, ಸತ್ಯವನ್ನೇ ಹೇಳುತ್ತೇನೆಂದು ಶಪಥ ಮಾಡಿದ್ದವಳು. ಮುಖದಲ್ಲಿ ಹೇಳಿದರೂ ಸುಳ್ಳು ಸುಳ್ಳೇ.

"ನೋವಾದರೆ ನಗುವುದಿಲ್ಲ ಮಾಸ್ಟ್ರೇ" ಎಂದೆ.

ದಾಕಿನವರು ಹಲ್ಲುಗಳಿದ್ದ ಸಣ್ಣ ಉಕ್ಕಿನ ಬಿಲ್ಲೆಯನ್ನು ನನ್ನ ತೋಳಿಗೊತ್ತಿ ತಿರುಗಿಸಿದರು. ಉರಿಯಿತು. ನನ್ನ ಬಾಯಿ ಸೊಟ್ಟಗಾಯಿತು. ತಿರುಗಿ ನೋಡಿದರೆ, ಇನ್ನೂ ಯಾರೂ ಮುಟ್ಟದ ಇಡೀ ಸಾಲಿಗೆ ಅದೇ ಸೊಟ್ಟ ಬಾಯಿ! ಮಾಸ್ಟ್ರಿಗೂ! ನನಗೆ ನಗು ತಡೆಯಲಾಗಲಿಲ್ಲ. ನಾನು ನಕ್ಕದ್ದೇ ತಡ, ಸಾಲೂ ನಕ್ಕಿತು.

"ನೋಯ್ಲಿಲ್ವಾ?" ಹಿಂದೆ ನಿಂತಿದ್ದ ಐಸಮ್ಮ ಕೇಳಿದಳು.

"ನೋಯ್ತು. ಕೆಂಪಿರುವೆ ಕಚ್ಚಿದ ಹಾಗೆ. ಈಗ ಹೋಯ್ತು."

"ಅಷ್ಟೇಯಾ?" ಎಂದು ಅವಳು ತೋಳು ಚಾಚಿದಳು. ಅವತ್ತು ಯಾರೂ ಕಿಟಕಿ ಹಾರಲಿಲ್ಲ.

ಮುಂದಿನ ಲಸಿಕೆಯ ದಿನ ಅಂಗನವಾಡಿಯಲ್ಲಿ ಮಕ್ಕಳ ಎದುರು ನಾನೇ ಕೂರ್ತೇನೆ. ತಮಗೂ ಸುಳ್ಳು ಹೇಳದ ಮುಖ ಉಂಟೆನ್ನುವವರೆಲ್ಲ ಬನ್ನಿ. ಬುಧವಾರ ಬೆಳಿಗ್ಗೆ ಹತ್ತು ಗಂಟೆಗೆ ಅಲ್ಲಿಯೇ ಸಿಗುವ.