ಹತ್ತೊಂಬತ್ತು ಹೆಸರು ಹೊತ್ತು ಕೊಪ್ಪಳಕ್ಕೆ

ಬೇವೂರಿನಿಂದ ನಾನೂ ಸಿದ್ದಪ್ಪನೂ ಎಳೆಬಿಸಿಲಿನಲ್ಲಿ ಹೊರಟೆವು. ಮಹಾಯುದ್ಧ ನಡೆದಿದ್ದ ಕಾಲ. ನಿಜಾಮರ ರಾಜ್ಯದಲ್ಲಿ ನಾಲ್ಕು ಜನ ಕೂತು ಪತ್ರಿಕೆ ಓದಬೇಕಾದರೂ ಸರಕಾರದ ಇಜಾಜತ್, ಅಂದರೆ ಅಪ್ಪಣೆ, ಬೇಕಿತ್ತು. ನಮ್ಮ ತರುಣ ಸಂಘ ವರ್ಷದಿಂದ ಅಪ್ಪಣೆಯಿಲ್ಲದೆಯೇ ನಡೆದಿತ್ತು. ಅರಿವೆ ಅಂಗಡಿಯವರ ಮಗನಾದ ನಾನು ಅದರ ಕಾರ್ಯದರ್ಶಿ. ಹೊಲದಿಂದ ಬಂದ ತರುಣರಿಗೆ ಸಂಜೆ ನಮ್ಮ ಹಳೆಯ ಗೋದಾಮಿನಲ್ಲಿ ಅಕ್ಷರ ಕಲಿಸುತ್ತಿದ್ದೆ. ಸಿದ್ದಪ್ಪ ಗೌಡರ ಮನೆಯ ಸಂಬಳದಾಳು. ಇಪ್ಪತ್ತೆರಡು ದಾಟಿದ ಮೇಲೆ ಅಕ್ಷರ ಹಿಡಿದು ಎಲ್ಲರಿಗಿಂತ ಮುಂದೆ ಹೋಗಿದ್ದ. ಅಪ್ಪಣೆ ತರದಿದ್ದರೆ ಗೋದಾಮಿಗೆ ಬೀಗ ಹಾಕುವುದಾಗಿ ಊರ ಪಾಟೀಲ ಎರಡು ಸಲ ಹೇಳಿ ಕಳಿಸಿದ್ದ.

ಯಲಬುರ್ಗಾಕ್ಕೆ ಮೂರು ಹರದಾರಿ ನಡಿಗೆ. ಹಿಂದಿನ ದಿನದ ಮಳೆಗೆ ಎರೆಮಣ್ಣು ಮೆತ್ತಿಕೊಳ್ಳುತ್ತಿದ್ದುದರಿಂದ ಚಪ್ಪಲಿ ಕೈಯಲ್ಲಿ ಹಿಡಿದೆವು. ಅಲ್ಲಿಂದ ಕೊಪ್ಪಳಕ್ಕೆ ಬಸ್ಸು, ತಲೆಗೆ ಹನ್ನೆರಡಾಣೆ. ಪೆಟ್ರೋಲು ಸಿಗದೆ ಇದ್ದಿಲ ಹೊಗೆಯ ಮೇಲೆ ಓಡುವ ಬಸ್ಸು ಅದು. ಕುಕನೂರು ದಾಟಿದ ಮೇಲೆ ಒಂದು ಏರಿನಲ್ಲಿ ಎಲ್ಲರನ್ನೂ ಇಳಿಸಿ ನೂಕಿಸಿದರು.

"ಟಿಕೀಟು ತಗೊಂಡು ಬಸ್ಸು ನಾವ ಒಯ್ಯೂದು ಆತಲ್ರೀ" ಎಂದು ಸಿದ್ದಪ್ಪ ನಕ್ಕ.

ಕೊಪ್ಪಳದಲ್ಲಿ ಅಪ್ಪಣೆ ಕೇಳುವ ಅರ್ಜಿ ಉರ್ದುವಿನಲ್ಲೇ ಇರಬೇಕು. ಕಚೇರಿಯ ಎದುರಿನ ಬೇವಿನ ಗಿಡದ ಕೆಳಗೆ ಕೂತು ಅರ್ಜಿ ಬರೆದುಕೊಡುವ ಮುನ್ಶಿಯನ್ನು ಹಿಡಿದೆವು. ಆತ ನನ್ನ ಪಟ್ಟಿ ನೋಡಿ ಕನ್ನಡಕ ತೆಗೆದ.

"ಇಷ್ಟ ಹೆಸರು ಯಾಕ್ರಿ? ಮೂರು ಮಂದಿದು ಬರದ್ರ ಸಾಕಲ್ಲ."

"ಎಲ್ಲಾರದೂ ಬರೀರಿ. ಬಿಟ್ರ ಸಿಟ್ಟಾಗ್ತಾರ" ಎಂದೆ.

ಲಗ್ನಪತ್ರಿಕೆಯಲ್ಲಿ ಹೆಸರು ಬಿಟ್ಟರೆ ಊಟಕ್ಕೇ ಬಾರದ ಜನ ನಮ್ಮವರು. ಹತ್ತೊಂಬತ್ತು ಸದಸ್ಯರು, ಅವರವರ ತಂದೆಯ ಹೆಸರು ಸಹಿತ ಬರೆಸಿದೆ. ಮುನ್ಶಿ ಅರ್ಜಿ ಮಡಚಿ ಕೊಟ್ಟ. ನಾವು ಗಿಡದ ನೆರಳಲ್ಲೇ ಬುತ್ತಿ ಬಿಚ್ಚಿ ರೊಟ್ಟಿ, ಪುಂಡಿಪಲ್ಯ ಉಂಡೆವು.

ಮರುದಿನ ಅಧಿಕಾರಿ ಕರೆಸಿದರು. ಕುರ್ಚಿ ಕೊಟ್ಟರು, ಚಹ ಕೊಟ್ಟರು. ಬೆಣ್ಣೆಯಂಥ ಮಾತು. ಒಂದೊಂದೇ ಹೆಸರು ಓದಿ "ಇವನ ಬಾಪ್ ಏನ್ ಮಾಡ್ತಾನ?" ಎಂದು ಕೇಳಿದರು. ಇಂಥ ದೊಡ್ಡವರು ನಮ್ಮವರ ಮನೆತನ ವಿಚಾರಿಸುತ್ತಾರಲ್ಲ ಎಂದು ನಾನು ಉಬ್ಬಿಹೋದೆ. ಒಬ್ಬನ ತಂದೆ ಊರ ಚಾವಡಿ ಕಾಯುವ ವಾಲಿಕಾರ, ಇನ್ನೊಬ್ಬನ ತಂದೆ ಸರಕಾರಿ ಹೊಲದ ಗೇಣಿದಾರ, ನಮ್ಮಪ್ಪನಿಗೆ ಅರಿವೆ ಮಾರುವ ಲೈಸೆನ್ಸು ಎಂದೆಲ್ಲ ಒದರಿದೆ. ಗುಮಾಸ್ತ ಹೆಸರಿನ ಮುಂದೆ ಗುರುತು ಹಾಕಿಕೊಳ್ಳುತ್ತಿದ್ದ.

"ನೌಜವಾನರಿಗೆ ಸರ್ಕಾರ ಮದತ್ ಮಾಡ್ತದ" ಎಂದರು ಅಧಿಕಾರಿ. "ಕುಸ್ತಿ ಆಡ್ರಿ, ಗರಡಿಮನಿ ಕಟ್ಟಿಸಿಕೊಡ್ತೀವಿ. ಓದೂದು ಯಾಕ?"

"ಕುಸ್ತಿ ದಿನಾ ಹೊಲದಾಗ ಆಡ್ತೀವ್ರಿ ಸಾಹೇಬ್ರ" ಎಂದ ಸಿದ್ದಪ್ಪ. "ಓದೂದೊಂದ ಬೇಕಾಗೇತ್ರಿ."

ಅಧಿಕಾರಿ ನಕ್ಕು ನಾಳೆ ಬರಲು ಹೇಳಿದರು. ಮೂರನೆಯ ದಿನ ಸಂಜೆಯವರೆಗೆ ಜಗಲಿಯ ಮೇಲೆ ಕೂತೆವು. ಹುಕುಂ ನಿಮ್ಮ ಊರಿಗೇ ಬರುತ್ತದೆಂದು ಗುಮಾಸ್ತ ಹೇಳಿದ. ಸಂತೋಷದಿಂದಲೇ ಹೊರಟೆವು. ಗೋದಾಮಿಗೆ ಸುಣ್ಣ ಬಳಿಸುವ ಮಾತು ಬಸ್ಸಿನಲ್ಲಿ ಆಡಿಕೊಂಡೆವು.

ಹುಕುಂ ನಮಗಿಂತ ಮೊದಲೇ ಬಂದಿತ್ತು. ಕುದುರೆ ಸವಾರ ಹಿಂದಿನ ದಿನವೇ ಪಾಟೀಲನಿಗೆ ತಂದು ಮುಟ್ಟಿಸಿದ್ದ: ಸಂಘ ಮುಚ್ಚಬೇಕು. ಚಾವಡಿಗೆ ಒಬ್ಬೊಬ್ಬ ತಂದೆಯನ್ನೂ ಕರೆಸಿ, ಮಗ ಸಂಘ ಬಿಡದಿದ್ದರೆ ವಾಲಿಕಾರನಿಗೆ ಕೆಲಸ ಹೋಗುತ್ತದೆಂದೂ ಗೇಣಿದಾರನಿಗೆ ಹೊಲ ಹೋಗುತ್ತದೆಂದೂ ಪಾಟೀಲ ಹೇಳಿದ್ದ. ಯಾರಿಗೆ ಎಲ್ಲಿ ಹಿಚುಕಬೇಕೆಂಬುದನ್ನು ತೋರಿಸಿಕೊಟ್ಟವನು ನಾನೇ. ನಮ್ಮ ಕಾಲ ಮೇಲೆ ನಾನೇ ಕಲ್ಲು ಹಾಕಿದ್ದೆ.

ನಮ್ಮಿಬ್ಬರನ್ನೂ ಚಾವಡಿಗೆ ಕರೆಸಿದರು. "ನನಗೂ ಯಾವ ಸಂಘಕ್ಕೂ ಸಂಬಂಧ ಇಲ್ಲ" ಎಂಬ ಕಾಗದಕ್ಕೆ ಹದಿನೇಳು ಜನ ಆಗಲೇ ಸಹಿ ಹಾಕಿದ್ದರು. ಹೆಬ್ಬೆಟ್ಟಿಗೆಂದು ಇಟ್ಟ ಮಸಿಯ ಬಟ್ಟಲನ್ನು ಯಾರೂ ಮುಟ್ಟಿರಲಿಲ್ಲ. ಎಲ್ಲವೂ ನಾನು ಕಲಿಸಿದ ಅಕ್ಷರ. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದ. ಅವನ ಮುಖ ನೋಡಿ ನಾನೂ ಬರೆದುಕೊಟ್ಟೆ. ನಾಚಿಕೆಯಾಯಿತು, ಆದರೂ ಬರೆದೆ.

ಸಿದ್ದಪ್ಪನ ಹಿಂದೆ ಅವನ ಗೌಡ ನಿಂತಿದ್ದ. ಸಿದ್ದಪ್ಪ ಲೇಖನಿ ಮುಟ್ಟದೆ ಹೆಬ್ಬೆರಳನ್ನು ಮಸಿಯಲ್ಲಿ ಅದ್ದಿದ.

"ನಿನಗ ಬರಿಯಾಕ ಬರತೈತಲ್ಲೋ?" ಎಂದ ಪಾಟೀಲ.

"ಇದಕ್ಕ ಬರಂಗಿಲ್ರಿ."

ನನ್ನ ದುಂಡನೆಯ ಸಹಿಯ ಕೆಳಗೆ ಹೆಬ್ಬೆಟ್ಟು ಒತ್ತಿ, ನನ್ನ ಕಡೆ ನೋಡದೆ ಚಾವಡಿ ಇಳಿದುಹೋದ.